ಕಾಡಿನ ದಾರಿಯ ಜೀಪು

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಕಡೆ ಯಾವ ಪೊಲೀಸ್ ಠಾಣೆಯ ಮುಂದೆ ನಿಂತರೂ ಧೂಳು ಹಿಡಿದ ವಾಹನಗಳ ಸಾಲು ಕಾಣುತ್ತದೆ. ಹೆಚ್ಚಿನವು ಯಾವುದೋ ಕೇಸಿನಲ್ಲಿ ಸಿಕ್ಕಿಬಿದ್ದ ಬೈಕು, ಆಟೋಗಳು. ಇಲಾಖೆ ಓಡಿಸಿ ಸವೆಸಿದ ಜೀಪುಗಳ ಗತಿ ಬೇರೆ. ಅವು ಕೆಲವು ಕಾಲ ಮೂಲೆಯಲ್ಲಿ ನಿಂತು, ಆಮೇಲೆ ಹರಾಜಾಗಿ, ಗುಜರಿಗೆ ಹೋಗುತ್ತವೆ. ಹಾಗೆ ಹೋಗಬೇಕಿದ್ದ ಒಂದು ಜೀಪು ಕೊಳ್ಳೇಗಾಲದಲ್ಲಿ ಉಳಿದುಕೊಂಡಿದೆ. ಅದು ಪೊಲೀಸರದ್ದಲ್ಲ, ಅರಣ್ಯ ಇಲಾಖೆಯದ್ದು. ಕಾಡುಗಳ್ಳನಿಗೆ ಬಲಿಯಾದ ಐಎಫ್ಎಸ್ ಅಧಿಕಾರಿ ಪಿ. ಶ್ರೀನಿವಾಸ್ ಓಡಾಡುತ್ತಿದ್ದ ಆ ಜೀಪನ್ನು ಇಲಾಖೆಯವರು ದುರಸ್ತಿ ಮಾಡಿಸಿ, ನೆನಪಿನ ವಸ್ತುವಾಗಿ ಕಾಪಾಡಿಟ್ಟಿದ್ದಾರೆ.

ಶ್ರೀನಿವಾಸ್ ಹುಟ್ಟಿದ್ದು 1954ರಲ್ಲಿ, ಆಂಧ್ರದ ರಾಜಮಹೇಂದ್ರಿಯಲ್ಲಿ. ಕೆಲಸಕ್ಕೆ ಬಂದದ್ದು ಕರ್ನಾಟಕಕ್ಕೆ. 1986ರಲ್ಲಿ ವೀರಪ್ಪನ್ ಒಮ್ಮೆ ಸಿಕ್ಕಿಬಿದ್ದು ತಪ್ಪಿಸಿಕೊಂಡ ಮೇಲೆ, ಅವನನ್ನು ಮತ್ತೆ ಹಿಡಿಯುವ ಹೊಣೆ ಇವರ ಬೆನ್ನಿಗೇ ಅಂಟಿಕೊಂಡಿತು. ಆದರೆ ಇವರು ಹಿಡಿದ ದಾರಿ ಬೇರೆ. ವೀರಪ್ಪನ್‌ನ ಹುಟ್ಟೂರು ಗೋಪಿನಾಥಂನಲ್ಲೇ ಹೋಗಿ ಕೂತರು. ಊರಿನವರ ಕಾಯಿಲೆಗೆ ಔಷಧಿಯ ಏರ್ಪಾಡು ಮಾಡಿದರು, ಮಾರಿಯಮ್ಮನ ಗುಡಿ ಕಟ್ಟಿಸಲು ಮುಂದೆ ನಿಂತರು, ಗ್ಯಾಂಗಿನಲ್ಲಿದ್ದವರ ಮನವೊಲಿಸಿ ಶರಣಾಗುವಂತೆ ಮಾಡಿದರು. 1991ರ ನವೆಂಬರಿನಲ್ಲಿ, ಶರಣಾಗತಿಯ ಮಾತು ನಂಬಿ, ಕೈಯಲ್ಲಿ ಆಯುಧವಿಲ್ಲದೆ ಕಾಡೊಳಗೆ ನಡೆದುಹೋದರು. ಅಲ್ಲಿ ಹೊಂಚುಹಾಕಿ ಅವರನ್ನು ಕೊಂದರು. ಸರ್ಕಾರ ಮರಣೋತ್ತರವಾಗಿ ಕೀರ್ತಿಚಕ್ರ ಕೊಟ್ಟಿತು. ಗೋಪಿನಾಥಂನ ಜನ ಅದಕ್ಕಿಂತ ದೊಡ್ಡದನ್ನು ಕೊಟ್ಟರು: ಗುಡಿಯಲ್ಲಿ ದೇವಿಯ ಜೊತೆ ಅವರ ಪಟವನ್ನೂ ಇಟ್ಟರು.

ಆ ಕಾಡಿನ ಕಥೆಯನ್ನು ವಾಹನಗಳ ಮೂಲಕವೇ ಹೇಳಬಹುದು. ಶ್ರೀನಿವಾಸರ ಜೀಪಾದ ಮೇಲೆ ಬರುವುದು ಒಂದು ಕಾರು. 1992ರ ಆಗಸ್ಟ್ 14ರಂದು ಮೈಸೂರಿನ ಎಸ್ಪಿ ಟಿ. ಹರಿಕೃಷ್ಣ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಮತ್ತು ಸಂಗಡಿಗರು ಮೀಣ್ಯಂ ಬಳಿ ಹೋಗುತ್ತಿದ್ದಾಗ ಗುಂಡಿನ ಮಳೆ ಸುರಿಯಿತು. ಆರು ಜನ ಪೊಲೀಸರು ಸತ್ತರು. ಮುಂದಿನ ವರ್ಷ ಏಪ್ರಿಲ್ 9ರಂದು ಪಾಲಾರ್ ಹತ್ತಿರ ನೆಲಬಾಂಬು ಸಿಡಿದು ವಾಹನಗಳಲ್ಲಿದ್ದ 22 ಜನ ಬಲಿಯಾದರು. ಸತ್ತವರಲ್ಲಿ ಪೊಲೀಸರ ಜೊತೆ ಅರಣ್ಯ ಸಿಬ್ಬಂದಿಯೂ ಮಾಹಿತಿದಾರರೂ ಇದ್ದರು. ಕೊನೆಗೆ 2004ರ ಅಕ್ಟೋಬರ್ 18ರ ರಾತ್ರಿ, ಧರ್ಮಪುರಿ ಜಿಲ್ಲೆಯಲ್ಲಿ ವೀರಪ್ಪನ್ ಹತ್ತಿ ಕೂತದ್ದು ಆಂಬುಲೆನ್ಸಿನ ವೇಷ ತೊಡಿಸಿದ ಪೊಲೀಸ್ ವಾಹನವನ್ನು. ಜೀಪಿನಿಂದ ಆಂಬುಲೆನ್ಸಿನವರೆಗೆ ಹದಿಮೂರು ವರ್ಷ.

ಈ ಕಥೆಯಲ್ಲಿ ಹರಿಕೃಷ್ಣ, ಶಕೀಲ್ ಅಹಮದ್ ಎಂಬ ಎರಡು ಹೆಸರುಗಳು ನಮಗೆ ಗೊತ್ತು. ಅವರ ಜೊತೆ ಸತ್ತ ಉಳಿದ ನಾಲ್ವರ ಹೆಸರು ಹೇಳಿ ಎಂದರೆ ತಡವರಿಸುತ್ತೇವೆ. ಪ್ರತಿಮೆಯ ಸ್ವಭಾವವೇ ಹಾಗೆ. ಅದು ಒಬ್ಬರದ್ದು, ಸಾಮಾನ್ಯವಾಗಿ ದೊಡ್ಡ ಹುದ್ದೆಯವರದ್ದು. ವಾಹನ ಹಾಗಲ್ಲ. ಅದರಲ್ಲಿ ಚಾಲಕನ ಸೀಟಿದೆ, ಸಾಹೇಬರ ಸೀಟಿದೆ, ಹಿಂದೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕಾನ್‌ಸ್ಟೆಬಲ್‌ಗಳು ಕೂರುವ ಬೆಂಚಿದೆ. ಖಾಲಿ ಜೀಪನ್ನು ನೋಡಿದವರಿಗೆ ಮೊದಲು ಬರುವ ಪ್ರಶ್ನೆ, ಇಲ್ಲಿ ಯಾರ್‍ಯಾರು ಕೂರುತ್ತಿದ್ದರು ಎಂಬುದು.

ನಮ್ಮಲ್ಲಿ ಹುತಾತ್ಮರನ್ನು ನೆನೆಯುವ ದಿನಗಳಿಗೆ ಕೊರತೆಯಿಲ್ಲ. 1959ರ ಅಕ್ಟೋಬರ್ 21ರಂದು ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ, ಕರಮ್ ಸಿಂಗ್ ಮುಂದಾಳುತನದ ತಂಡದ ಮೇಲೆ ಚೀನೀ ಪಡೆ ಗುಂಡು ಹಾರಿಸಿ ಹತ್ತು ಜನ ಪೊಲೀಸರು ಸತ್ತರು. ಆ ದಿನವೇ ಪೊಲೀಸ್ ಹುತಾತ್ಮರ ದಿನ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟಿಕಿನ್ ಹಡಗು ಸಿಡಿದು, ಬೆಂಕಿ ಆರಿಸಲು ಹೋದ 66 ಅಗ್ನಿಶಾಮಕ ಸಿಬ್ಬಂದಿ ತೀರಿಕೊಂಡರು. ಅದು ಅಗ್ನಿಶಾಮಕರ ದಿನ. 1730ರಲ್ಲಿ ರಾಜಸ್ಥಾನದ ಖೇಜರ್ಲಿಯಲ್ಲಿ ಮರ ಉಳಿಸಲು 363 ಬಿಷ್ಣೋಯಿಗಳು ಪ್ರಾಣ ಕೊಟ್ಟದ್ದರ ನೆನಪಿಗೆ ಸೆಪ್ಟೆಂಬರ್ 11 ಅರಣ್ಯ ಹುತಾತ್ಮರ ದಿನ. ಈ ದಿನಗಳಲ್ಲಿ ಸ್ಮಾರಕಕ್ಕೆ ಹೂಗುಚ್ಛ ಇಡುತ್ತಾರೆ, ಹೆಸರುಗಳನ್ನು ಓದುತ್ತಾರೆ, ಮೂರು ಸುತ್ತು ಗುಂಡು ಹಾರಿಸುತ್ತಾರೆ. 2018ರಲ್ಲಿ ದೆಹಲಿಯ ಚಾಣಕ್ಯಪುರಿಯಲ್ಲಿ 30 ಅಡಿಯ ಏಕಶಿಲಾ ಸ್ಮಾರಕವೂ ಬಂತು. ಕಲ್ಲು ಗೌರವ ತೋರುತ್ತದೆ. ಸತ್ತವರು ದಿನವಿಡೀ ಏನು ಕೆಲಸ ಮಾಡುತ್ತಿದ್ದರು ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ.

ನ್ಯೂಯಾರ್ಕಿನ 9/11 ಮ್ಯೂಸಿಯಂನಲ್ಲಿ 'ಲ್ಯಾಡರ್ 3' ಎಂಬ ಅಗ್ನಿಶಾಮಕ ವಾಹನವಿದೆ. ಗೋಪುರ ಕುಸಿದಾಗ ಮುಂಭಾಗ ನಜ್ಜುಗುಜ್ಜಾದ ಆ ವಾಹನವನ್ನು ಹಾಗೇ ಇಟ್ಟಿದ್ದಾರೆ, ಡೊಂಕು ನೇರ ಮಾಡಿಲ್ಲ, ಬಣ್ಣ ಬಳಿದಿಲ್ಲ. ಅದು ಸಾವಿನ ಸಾಕ್ಷಿ. ಕೊಳ್ಳೇಗಾಲದ ಜೀಪಿನ ಜಾತಿಯೇ ಬೇರೆ. ಶ್ರೀನಿವಾಸ್ ಸತ್ತದ್ದು ಅದರಲ್ಲಲ್ಲ, ಕಾಲುದಾರಿಯಲ್ಲಿ. ಹಾಗಾಗಿ ಅದು ಕೆಲಸದ ಸಾಕ್ಷಿ. ಅದನ್ನು ರಿಪೇರಿ ಮಾಡಿ, ಬಣ್ಣ ಹಚ್ಚಿ ನಿಲ್ಲಿಸಿದ್ದು ಸರಿಯೇ. ಗುಂಡಿನ ತೂತು ಬಿದ್ದ ವಾಹನವೊಂದು ಸಿಕ್ಕಿದರೆ ಹಾಗೆ ಮಾಡಬಾರದು. ಅಲ್ಲಿ ಟಿಂಕರಿಂಗ್ ಮಾಡಿಸಿದರೆ ಚರಿತ್ರೆಯೇ ಅಳಿಸಿಹೋಗುತ್ತದೆ. ಯಾವುದನ್ನು ದುರಸ್ತಿ ಮಾಡಬೇಕು, ಯಾವುದನ್ನು ಮುಟ್ಟದೆ ಬಿಡಬೇಕು ಎಂಬ ವಿವೇಕ ಇಲ್ಲಿ ಮುಖ್ಯ.

ಆ ಕಾಡಿನ ಕಥೆ ರಾಜಾಜಿನಗರಕ್ಕೂ ಬಂದು ತಾಗುತ್ತದೆ. 2000ದ ಜುಲೈ 30ರಂದು ವೀರಪ್ಪನ್ ಡಾ. ರಾಜಕುಮಾರ್ ಅವರನ್ನು ಅಪಹರಿಸಿ 108 ದಿನ ಕಾಡಿನಲ್ಲಿಟ್ಟುಕೊಂಡಿದ್ದ. ಅದೇ ರಾಜಕುಮಾರ್ ಇಂದು ನಮ್ಮ ಪಕ್ಕದ ಕಂಠೀರವ ಸ್ಟುಡಿಯೋದಲ್ಲಿ ಮಲಗಿದ್ದಾರೆ. 2006ರ ಏಪ್ರಿಲ್ 13ರಂದು ಅವರ ಅಂತ್ಯಕ್ರಿಯೆಯ ಹೊತ್ತಿಗೆ ಊರು ಹೊತ್ತಿ ಉರಿಯಿತು. ವಾಹನಗಳಿಗೆ ಬೆಂಕಿ ಬಿತ್ತು, ಗೋಲಿಬಾರಿನಲ್ಲಿ ಜನ ಸತ್ತರು, ಬಂದೋಬಸ್ತಿಗೆ ಬಂದಿದ್ದ ಒಬ್ಬ ಕಾನ್‌ಸ್ಟೆಬಲ್‌ನನ್ನು ಗುಂಪು ಹೊಡೆದು ಕೊಂದಿತು. ಅಣ್ಣಾವ್ರ ಸಮಾಧಿಗೆ ಕೈಮುಗಿಯಲು ಹೋಗುವವರಲ್ಲಿ ಆ ಕಾನ್‌ಸ್ಟೆಬಲ್‌ನನ್ನಾಗಲಿ, ಗುಂಡಿಗೆ ಬಲಿಯಾದ ಅಭಿಮಾನಿಗಳನ್ನಾಗಲಿ ನೆನೆಯುವವರು ಎಷ್ಟು ಜನ? ಕಾಡಿನಲ್ಲಿ ಸತ್ತವರನ್ನು ವೀರರೆನ್ನುವುದು ಸುಲಭ, ಅಲ್ಲಿ ಶತ್ರು ಒಬ್ಬನಿದ್ದ. ಇಲ್ಲಿ ಕೊಂದವರು ನಮ್ಮ ನಡುವಿನವರೇ. ಅದಕ್ಕೇ ಇಲ್ಲಿಯ ಮರೆವು ಹೆಚ್ಚು ಅನುಕೂಲದ್ದು.

ಮರೆವಿಗೆ ಈಗ ಕಾನೂನಿನ ನೆರವೂ ಸಿಕ್ಕಿದೆ. 2023ರ ಏಪ್ರಿಲ್ 1ರಿಂದ, 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯನ್ನು ನವೀಕರಿಸುವಂತಿಲ್ಲ, ಗುಜರಿಗೆ ಹಾಕಬೇಕು. ಕವಚ ತೊಡಿಸಿದ ವಿಶೇಷ ವಾಹನಗಳಿಗೆ ವಿನಾಯಿತಿಯಿದೆ, ಠಾಣೆಯ ಸಾದಾ ಜೀಪಿಗಿಲ್ಲ. ಹೊಗೆಯುಗುಳುವ ಹಳೆಯ ಗಾಡಿಗಳು ರಸ್ತೆ ಬಿಡುವುದು ಒಳ್ಳೆಯದೇ. ಆದರೆ ಹರಾಜಿನ ಪಟ್ಟಿ ತಯಾರಿಸುವ ಮುನ್ನ ಯಾರಾದರೂ ಒಮ್ಮೆ ಲಾಗ್ ಬುಕ್ ತಿರುವಿ ನೋಡಬೇಕು. ಈ ಗಾಡಿ ಎಲ್ಲೆಲ್ಲಿಗೆ ಹೋಗಿತ್ತು, ಯಾರು ಓಡಿಸಿದ್ದರು, ಯಾರು ಹತ್ತಿ ಹೋದವರು ವಾಪಸ್ ಬರಲಿಲ್ಲ? ನೂರರಲ್ಲಿ ತೊಂಬತ್ತೊಂಬತ್ತು ಗಾಡಿಗಳಿಗೆ ಹೇಳಲು ವಿಶೇಷವೇನೂ ಇರಲಿಕ್ಕಿಲ್ಲ. ಉಳಿದ ಒಂದನ್ನು ಶೆಡ್ಡಿನ ಕೆಳಗೆ ನಿಲ್ಲಿಸಿ, ಪಕ್ಕದಲ್ಲಿ ಚಾಲಕನಿಂದ ಹಿಡಿದು ಎಲ್ಲರ ಹೆಸರು ಬರೆದ ಒಂದು ಬೋರ್ಡು ಹಾಕಿದರೆ ಸಾಕು. ಕೊಳ್ಳೇಗಾಲದಲ್ಲಿ ಉಳಿದದ್ದು ಒಂದು ಜೀಪು. ಮೀಣ್ಯಂ, ಪಾಲಾರ್ ದಾರಿಯಲ್ಲಿ ಓಡಿದ ಉಳಿದ ಗಾಡಿಗಳ ಕಬ್ಬಿಣ ಇಷ್ಟರಲ್ಲಿ ಯಾವ ಕಟ್ಟಡದ ಕಂಬಿಯಾಗಿದೆಯೋ, ಯಾರು ಬಲ್ಲರು?