ಸಮುದ್ರ ಅಕ್ವೇರಿಯಂನ ಅನಿರೀಕ್ಷಿತ ಜೀವಿಗಳು

ಸಮುದ್ರ ಅಕ್ವೇರಿಯಂನ ಅನಿರೀಕ್ಷಿತ ಜೀವಿಗಳು ಎಂದರೆ ಉಪ್ಪುನೀರಿನ ಮೀನುತೊಟ್ಟಿಯಲ್ಲಿ ಸಾಕುವವರು ತಂದು ಬಿಡದೆಯೇ ಕಾಣಿಸಿಕೊಳ್ಳುವ ಸಣ್ಣ ಅಕಶೇರುಕಗಳು. ಹೊಸ ತೊಟ್ಟಿಯಲ್ಲಿ ಮೊದಲ ಕೆಲವು ತಿಂಗಳುಗಳಲ್ಲಿ ಇವು ಹೆಚ್ಚಾಗಿ ಕಣ್ಣಿಗೆ ಬೀಳುತ್ತವೆ. ಬಹುಪಾಲು ನಿರುಪದ್ರವಿಗಳು, ಉಳಿದ ಆಹಾರವನ್ನೂ ಪಾಚಿಯನ್ನೂ ತಿಂದು ತೊಟ್ಟಿಯನ್ನು ಶುಚಿಯಾಗಿಡುತ್ತವೆ. ಗುರುತಿಸುವ ಮುನ್ನವೇ ತಾಮ್ರಯುಕ್ತ ಔಷಧ ಹಾಕಿದರೆ ಇವೆಲ್ಲ ಒಮ್ಮೆಲೇ ಸತ್ತು ಕೊಳೆಯುತ್ತವೆ. ಆಗ ನೀರಿನಲ್ಲಿ ಅಮೋನಿಯಾ ಏರಿ ಮೀನುಗಳೂ ಸಾಯಬಹುದು.

ಬರುವ ದಾರಿ

ಕಡಲಿನಿಂದ ದೂರವಿರುವ ತುಳಸಿಗೇರಿ, ಬಾದಾಮಿ, ಇಳಕಲ್‌ನಂತಹ ಊರುಗಳಲ್ಲಿ ಉಪ್ಪುನೀರಿನ ತೊಟ್ಟಿ ಇಡಬೇಕಾದರೆ ಆರ್‌ಒ ನೀರಿನಲ್ಲಿ ಕೃತಕ ಸಮುದ್ರ ಲವಣವನ್ನು ಲೀಟರಿಗೆ ಸುಮಾರು 35 ಗ್ರಾಂನಂತೆ ಕರಗಿಸಬೇಕಾಗುತ್ತದೆ. ಈ ನೀರಿನಲ್ಲಿ ಸಮುದ್ರಜೀವಿ ಇರುವುದಿಲ್ಲ. ಆದ್ದರಿಂದ ಕಂಡ ಜೀವಿ ಕಲ್ಲು, ಮರಳು, ಹವಳದ ತುಂಡು ಅಥವಾ ಮೀನಿನೊಂದಿಗೆ ಬಂದ ನೀರಿನ ಮೂಲಕವೇ ಬಂದಿರಬೇಕು. ಕಾರವಾರ, ಮಲ್ಪೆಯಂತಹ ಕರಾವಳಿಯ ಊರುಗಳಲ್ಲಿ ಕಡಲ ನೀರನ್ನೇ ಸೋಸದೆ ತುಂಬಿದರೆ ಸಂದರ್ಭ ಬೇರೆ. ಅದರೊಂದಿಗೆ ಏಡಿ, ಚಿಪ್ಪುಜೀವಿ, ಬಾರ್ನಕಲ್‌ಗಳ ಕಣ್ಣಿಗೆ ಕಾಣದ ಮರಿಗಳೂ ಒಳಬರುತ್ತವೆ. ಎಲ್ಲಿಂದ ಬಂತು ಎಂಬುದು ತಿಳಿದರೆ ಗುರುತಿಸುವಿಕೆಯ ಅರ್ಧ ಕೆಲಸ ಮುಗಿದಂತೆ.

ಗುರುತಿಸುವಿಕೆ

ಇವುಗಳಲ್ಲಿ ಹೆಚ್ಚಿನವು ನಿಶಾಚರಿಗಳು. ದೀಪ ಆರಿಸಿ ಒಂದೆರಡು ಗಂಟೆಗಳ ಬಳಿಕ ಕೆಂಪು ಬೆಳಕಿನ ಟಾರ್ಚ್ ಮತ್ತು ಭೂತಗನ್ನಡಿ ಹಿಡಿದು ನೋಡುವುದು ಉತ್ತಮ. ಬಣ್ಣವನ್ನು ನಂಬಬಾರದು, ದೇಹದ ಆಕಾರ ಮತ್ತು ಚಲನೆಯೇ ಮುಖ್ಯ ಲಕ್ಷಣಗಳು.

ಗಾಜಿನ ಮೇಲೆ ಬಿಳಿ ಚುಕ್ಕೆಗಳಂತೆ ಕಂಡು ಜಿಗಿಜಿಗಿದು ಸಾಗುವ, ಒಂದೆರಡು ಮಿಲಿಮೀಟರ್ ಮೀರದ ಜೀವಿಗಳು ಕೋಪೆಪಾಡ್‌ಗಳು. ಕರ್ನಾಟಕದ ಮೆಟ್ಟಿಲುಬಾವಿಗಳಲ್ಲಿ ಹಿಂದೆ ನಾರುಹುಣ್ಣಿನ ಮರಿಹುಳುಗಳನ್ನು ಹೊತ್ತಿದ್ದ ಸಿಹಿನೀರಿನ ಸೈಕ್ಲಾಪ್ಸ್ ಇವುಗಳ ಬಂಧು. 2000ದಲ್ಲಿ ಭಾರತ ಆ ರೋಗದಿಂದ ಮುಕ್ತವೆಂದು ಘೋಷಿತವಾಯಿತು. ಅಕ್ವೇರಿಯಂನಲ್ಲಿ ಕೋಪೆಪಾಡ್‌ಗಳು ಸಣ್ಣ ಮೀನುಗಳಿಗೆ ಉತ್ತಮ ಆಹಾರ.

ಅಲ್ಪವಿರಾಮದಂತೆ ಬಾಗಿ, ಎಡಬಲಗಳಿಂದ ಒತ್ತಿದಂತೆ ತೆಳ್ಳಗಿರುವುದು ಆಂಫಿಪಾಡ್; ಇದೂ ನಿರುಪದ್ರವಿ. ಮೇಲಿನಿಂದ ಒತ್ತಿದಂತೆ ಚಪ್ಪಟೆಯಾಗಿರುವುದು ಐಸೊಪಾಡ್. ಇದರಲ್ಲಿ ಹಲವು ಬಗೆಗಳು ಕೊಳೆತದ್ದನ್ನು ತಿಂದು ಬದುಕುತ್ತವೆ. ಆದರೆ ಸಿರೊಲಾನಿಡ್ ಕುಟುಂಬದ ಕೆಲವು ಮೀನಿನ ಮೈಗೆ ಅಂಟಿಕೊಂಡು ರಕ್ತ ಹೀರುತ್ತವೆ. ದೊಡ್ಡ ಕಣ್ಣು ಮತ್ತು ವೇಗದ ಈಜು ಅವುಗಳ ಗುರುತು. ಹೊಸಬರು ಹೆಚ್ಚಾಗಿ ಎಡವುವುದು ಈ ಜೋಡಿಯಲ್ಲಿಯೇ.

ಕಲ್ಲಿನ ಬಿರುಕಿನಿಂದ ಇಣುಕುವ, ಪಕ್ಕಗಳಲ್ಲಿ ಬಿಳಿ ರೋಮಗೊಂಚಲಿರುವ ಬಿರುಗೂದಲ ಹುಳುಗಳು ನೋಡಲು ಭೀಕರವಾದರೂ ಬಹುತೇಕ ಜಾಡಮಾಲಿಗಳು. ಬರಿಗೈಯಲ್ಲಿ ಹಿಡಿದರೆ ರೋಮಗಳು ಚರ್ಮಕ್ಕೆ ಚುಚ್ಚಿ ಉರಿಯುತ್ತವೆ. ಅಂಟುಪಟ್ಟಿಯಿಂದ ಅವುಗಳನ್ನು ಕೀಳಬಹುದು. ಗಾಜಿಗೆ ಅಂಟಿದ ಸುರುಳಿಯಾಕಾರದ ಬಿಳಿ ಚಿಪ್ಪುಗಳು ಬಸವನಹುಳುಗಳಲ್ಲ, ಸ್ಪೈರಾರ್ಬಿಡ್ ಎಂಬ ಕೊಳವೆಹುಳುಗಳು, ಅವುಗಳಿಂದ ಅಪಾಯವಿಲ್ಲ.

ನಿಜವಾದ ಉಪದ್ರವ ಐಪ್ಟೇಸಿಯಾ ಎಂಬ ಕಂದು, ಅರೆಪಾರದರ್ಶಕ ಕಡಲಹೂವಿನದು. ಮುಟ್ಟಿದೊಡನೆ ಕಲ್ಲಿನೊಳಕ್ಕೆ ಕುಗ್ಗುವುದು ಇದರ ಲಕ್ಷಣ. ಇದರ ಕುಟುಕು ನೆರೆಯ ಹವಳಗಳನ್ನು ಘಾಸಿಗೊಳಿಸುತ್ತದೆ. ಇದನ್ನು ಚಾಕುವಿನಿಂದ ಕೆರೆಯಬಾರದು: ಪಾದದಿಂದ ಉಳಿದ ಚೂರೊಂದೊಂದೂ ಹೊಸ ಜೀವಿಯಾಗಿ ಬೆಳೆಯಬಲ್ಲದು. ಅಕ್ವೇರಿಯಂಗೆಂದೇ ಮಾರುವ ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್‌ನ ಗಟ್ಟಿ ಕಲಸನ್ನು ಸಿರಿಂಜ್‌ನಿಂದ ಅದರ ಬಾಯಿಗೆ ಹಾಕುವುದು ರೂಢಿಯ ವಿಧಾನ. ಪೆಪ್ಪರ್‌ಮಿಂಟ್ ಸಿಗಡಿಯೂ ಇದನ್ನು ತಿನ್ನುತ್ತದೆ.

ಸುರಕ್ಷತೆ

ಬೇಡದ ಜೀವಿಗಳನ್ನು ಕೊಲ್ಲಲೆಂದು ಕಲ್ಲನ್ನು ಕುದಿಸುವುದು ಅತ್ಯಂತ ಅಪಾಯಕಾರಿ. ಕೆಲವು ಝೋವಾಂಥಿಡ್‌ಗಳಲ್ಲಿ, ವಿಶೇಷವಾಗಿ ಪ್ಯಾಲಿಥೋವಾದಲ್ಲಿ, ಪ್ಯಾಲಿಟಾಕ್ಸಿನ್ ಎಂಬ ತೀವ್ರ ವಿಷವಿರುತ್ತದೆ. ಕುದಿಸಿದಾಗ ಅದು ಹಬೆಯೊಂದಿಗೆ ಉಸಿರಿಗೆ ಸೇರಿ ಮನೆಯವರೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ವಿದೇಶಗಳಲ್ಲಿ ದಾಖಲಾಗಿವೆ. ಕೈಯಲ್ಲಿ ಗಾಯವಿದ್ದರೆ ಕೈಗವಸಿಲ್ಲದೆ ತೊಟ್ಟಿಗೆ ಕೈ ಹಾಕಬಾರದು. ಹೊಸ ಕಲ್ಲು, ಹವಳಗಳನ್ನು ನಾಲ್ಕರಿಂದ ಆರು ವಾರ ಪ್ರತ್ಯೇಕ ತೊಟ್ಟಿಯಲ್ಲಿಟ್ಟು ಗಮನಿಸಿದರೆ ಹೆಚ್ಚಿನ ತೊಂದರೆ ಅಲ್ಲಿಯೇ ತಿಳಿಯುತ್ತದೆ.

ಕಾನೂನು ಮತ್ತು ವಿಲೇವಾರಿ

ಭಾರತದಲ್ಲಿ ಗಟ್ಟಿ ಹವಳಗಳು, ಕಡಲಕುದುರೆ ಮತ್ತು ಕಡಲ ಸೌತೆಗಳನ್ನು 2001ರಲ್ಲಿ ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ ಮೊದಲ ಅನುಸೂಚಿಗೆ ಸೇರಿಸಲಾಯಿತು. ಆದ್ದರಿಂದ ಮುರುಡೇಶ್ವರದ ಸಮೀಪದ ನೇತ್ರಾಣಿ ದ್ವೀಪದಂತಹ ಹವಳದ ತಾಣಗಳಿಂದ ಹವಳವಿರುವ ಕಲ್ಲನ್ನು ತರುವುದು ಅಪರಾಧ. ಒಣ ಕಲ್ಲು ಅಥವಾ ಮಾನವನಿರ್ಮಿತ ಕಲ್ಲು ಬಳಸಿದರೆ ಈ ತೊಡಕಿಲ್ಲ. ಅನಿರೀಕ್ಷಿತ ಅತಿಥಿಗಳೂ ಕಡಿಮೆ.

ತೆಗೆದ ಜೀವಿಗಳನ್ನು ಸಿಹಿನೀರಿನಲ್ಲಿ ಮುಳುಗಿಸಿ, ಒಣಗಿಸಿ ಕಸಕ್ಕೆ ಹಾಕಬೇಕು. ಹಳ್ಳಕ್ಕಾಗಲಿ ಕಡಲಿಗಾಗಲಿ ಬಿಡಬಾರದು. ಅಕ್ವೇರಿಯಂಗಳಲ್ಲಿ ಬೆಳೆಸಲಾಗುತ್ತಿದ್ದ ಕೌಲರ್ಪಾ ಟ್ಯಾಕ್ಸಿಫೋಲಿಯಾ ಎಂಬ ಪಾಚಿ 1984ರಲ್ಲಿ ಮೊನಾಕೊದ ತೀರದಲ್ಲಿ ಮೊದಲು ಕಂಡುಬಂದು, ಮುಂದಿನ ವರ್ಷಗಳಲ್ಲಿ ಮೆಡಿಟರೇನಿಯನ್ ಸಮುದ್ರದ ಹಲವೆಡೆ ಹರಡಿತು.