ಹೆಸರು ಒಂದು, ಗಿಡ ಎರಡು

ನಮ್ಮ ಕಡೆ ಬ್ರಾಹ್ಮಿ ಅಂದರೆ ಗದ್ದೆ ಬದುವಿನ ಒಂದೆಲಗ. ತೊಟ್ಟಿಗೊಂದೇ ಎಲೆ, ದುಂಡಗೆ. ಆದರೆ ನೆನಪಿನ ಶಕ್ತಿಗೆಂದು ಅಂಗಡಿಯಲ್ಲಿ ಮಾರುವ ಎಷ್ಟೋ ‘ಬ್ರಾಹ್ಮಿ’ ಮಾತ್ರೆಗಳಲ್ಲಿರುವುದು ನೀರುಬ್ರಾಹ್ಮಿ. ಅದರದು ದಪ್ಪನೆಯ ಪುಟ್ಟ ಎಲೆ, ತೀರ ಕಹಿ. ಎರಡೂ ಬೇರೆ ಬೇರೆ ಕುಟುಂಬದ ಗಿಡಗಳು.

ಹಳಬರಿಗೆ ಈ ವ್ಯತ್ಯಾಸ ಗೊತ್ತಿತ್ತು. ಚರಕ ಸಂಹಿತೆ ಬುದ್ಧಿಗೆ ಒಳ್ಳೆಯದೆಂದು ಹೇಳುವ ನಾಲ್ಕು ಔಷಧಿಗಳಲ್ಲಿ ಮಂಡೂಕಪರ್ಣಿಯ ರಸ ಒಂದು. ಅದೇ ನಮ್ಮ ಒಂದೆಲಗ. ಸುಶ್ರುತ ಸಂಹಿತೆ ಮಂಡೂಕಪರ್ಣಿ, ಬ್ರಾಹ್ಮಿ ಎರಡನ್ನೂ ಬೇರೆ ಬೇರೆಯಾಗಿ ಹೇಳುತ್ತದೆ. 16ನೇ ಶತಮಾನದ ಭಾವಪ್ರಕಾಶ ಎರಡನ್ನೂ ಜೊತೆಗಿಟ್ಟು ಒಂದೇ ಗುಣ ಹೇಳಿತು. ಹೆಸರು ಕಲಸಿಹೋಗಲು ಅಷ್ಟು ಸಾಕಾಯಿತು.

ಊರೂರಿಗೂ ಹೆಸರು ಬೇರೆ. ಯಳಂದೂರು 1807ರಿಂದ ದಿವಾನ್ ಪೂರ್ಣಯ್ಯನವರ ಜಹಗೀರು, ಮೈಸೂರಿನ ಸೀಮೆ. ಹನೂರೂ ಸೇರಿದ್ದ ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ತಮಿಳಿನಲ್ಲಿ ಒಂದೆಲಗಕ್ಕೆ ವಲ್ಲಾರೈ ಅನ್ನುತ್ತಾರೆ, ಹಾಗಾಗಿ ಅಲ್ಲಿ ಗೊಂದಲ ಕಡಿಮೆ. ಕೇರಳದವರಿಗೆ ಬ್ರಾಹ್ಮಿ ಅಂದರೆ ನೀರುಬ್ರಾಹ್ಮಿಯೇ.

ಹೆಸರಿನ ಜಗಳ ಪಂಡಿತರಿಗಿರಲಿ ಅನ್ನುವಂತಿಲ್ಲ, ಯಾಕೆಂದರೆ ಪರೀಕ್ಷೆಯ ಫಲಿತಾಂಶವೂ ಬೇರೆ. 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 65 ದಾಟಿದ 54 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ 12 ವಾರ ದಿನಾ 300 ಮಿಲಿಗ್ರಾಂ ನೀರುಬ್ರಾಹ್ಮಿ ಸಾರ ಕೊಟ್ಟರು, ಇನ್ನೊಂದಕ್ಕೆ ಸಪ್ಪೆ ಮಾತ್ರೆ. ಕೇಳಿದ ಪದಗಳನ್ನು ಸ್ವಲ್ಪ ಹೊತ್ತಿನ ನಂತರ ನೆನೆಯುವುದರಲ್ಲಿ ಸಾರ ತಿಂದವರು ಮೇಲಾದರು. ಅವರೆಲ್ಲ ಅರಳುಮರಳು ಇಲ್ಲದ ಆರೋಗ್ಯವಂತರು ಅನ್ನುವುದನ್ನು ಜಾಹೀರಾತು ಹೇಳುವುದಿಲ್ಲ. ಒಂದೆಲಗದ ಅಧ್ಯಯನಗಳನ್ನೆಲ್ಲ ಸೇರಿಸಿ 2017ರಲ್ಲಿ ನೋಡಿದಾಗ ನೆನಪಿನಲ್ಲಿ ಸ್ಪಷ್ಟ ಲಾಭ ಕಾಣಲಿಲ್ಲ. ಮನಸ್ಸಿನ ಚುರುಕು ತುಸು ಹೆಚ್ಚಿತ್ತು, ಅಷ್ಟೇ. ಆಲ್‌ಝೈಮರ್ ಕಾಯಿಲೆಯನ್ನು ಎರಡೂ ತಡೆದ ಪುರಾವೆಯಿಲ್ಲ.

ಒಂದೆಲಗದ ಚಟ್ನಿ ಊಟದ ಪದಾರ್ಥ, ಬಿಡಬೇಕಿಲ್ಲ. ಮಾತ್ರೆ ಕೊಳ್ಳುವವರು ಮಾತ್ರ ಡಬ್ಬಿಯ ಹಿಂದೆ ಇಂಗ್ಲಿಷಿನಲ್ಲಿ ‘ಬಕೋಪ’ ಎಂದಿದೆಯೋ ‘ಸೆಂಟೆಲ್ಲ’ ಎಂದಿದೆಯೋ ಮಕ್ಕಳ ಕೈಲಿ ಓದಿಸಿ. ಮೊದಲನೆಯದು ನೀರುಬ್ರಾಹ್ಮಿ, ಕೆಲವರಿಗೆ ಹೊಟ್ಟೆ ತೊಳಸುತ್ತದೆ, ಭೇದಿಯಾಗುತ್ತದೆ. ಎರಡನೆಯದು ಒಂದೆಲಗ; ಅದರ ಮಾತ್ರೆಯಿಂದ ಅಪರೂಪಕ್ಕೆ ಪಿತ್ತಜನಕಾಂಗ ಕೆಟ್ಟದ್ದೂ ಉಂಟು. ಅಜ್ಜಿ ಈಚೆಗಷ್ಟೇ ಮರೆಯಲು ಶುರುಮಾಡಿದ್ದರೆ ಬಿ-12 ಕೊರತೆಯೋ ಥೈರಾಯ್ಡ್ ತೊಂದರೆಯೋ ಇರಬಹುದು. ಅದು ರಕ್ತಪರೀಕ್ಷೆಯಲ್ಲಿ ಸಿಕ್ಕುತ್ತದೆ, ಮದ್ದೂ ಇದೆ. ಮೂರು ತಿಂಗಳು ಬ್ರಾಹ್ಮಿ ಮಾತ್ರೆ ನುಂಗಿಸುತ್ತಾ ಕೂತರೆ ಆ ಮೂರು ತಿಂಗಳು ಹೋದ ಹಾಗೆಯೇ.