ಬೋರ್ಡಿಂಗು, ಖೋಲಿ, ರಾತ್ರಿಶಾಲೆ: ಕುರ್ಲಾ ಪರಿಸರದ ಕನ್ನಡ ವಿದ್ಯಾರ್ಥಿಗಳ ಸಹವಾಸ

ಪಶ್ಚಿಮ ಭಾರತದ ವಿದ್ಯಾರ್ಥಿನಿಲಯಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕೊಲ್ಲಾಪುರದಿಂದ ಆರಂಭಿಸುತ್ತಾರೆ. ಶಾಹೂ ಮಹಾರಾಜರ ಆಶ್ರಯದಲ್ಲಿ 1901ರಲ್ಲಿ ಅಲ್ಲಿ ವಿಕ್ಟೋರಿಯಾ ಮರಾಠಾ ಬೋರ್ಡಿಂಗ್ ಸ್ಥಾಪನೆಗೊಂಡಿತು. ಮುಂದಿನ ವರ್ಷಗಳಲ್ಲಿ ಜೈನ, ಲಿಂಗಾಯತ, ಮುಸಲ್ಮಾನ ವಿದ್ಯಾರ್ಥಿಗಳಿಗೂ, 1908ರಲ್ಲಿ ಅಸ್ಪೃಶ್ಯರೆನಿಸಿಕೊಂಡಿದ್ದ ಸಮುದಾಯಗಳ ವಿದ್ಯಾರ್ಥಿಗಳಿಗೂ ಪ್ರತ್ಯೇಕ ನಿಲಯಗಳು ತೆರೆದವು. ಈ ಪ್ರತ್ಯೇಕತೆಯನ್ನು ದಾಟುವ ಪ್ರಯತ್ನವಾಗಿ ಭಾವುರಾವ್ ಪಾಟೀಲರು 1924ರಲ್ಲಿ ಸಾತಾರೆಯಲ್ಲಿ ಎಲ್ಲ ಜಾತಿಯ ಹುಡುಗರು ಒಟ್ಟಿಗೆ ಉಂಡು ಓದುವ ನಿಲಯವನ್ನು ನಡೆಸಿದರು. ಮುಂಬಯಿಯ ಕನ್ನಡ ವಿದ್ಯಾರ್ಥಿಗಳು ಈ ಚರಿತ್ರೆಯಲ್ಲಿ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ನಿಲಯವೆಂಬ ಹೆಸರಿನ ಕಟ್ಟಡ ಅವರಲ್ಲಿ ಹೆಚ್ಚಿನವರಿಗೆ ದೊರೆಯಲಿಲ್ಲವೆಂಬುದೇ ಇದಕ್ಕೆ ಕಾರಣ.

ಇಲ್ಲಿ ಒಂದು ಪದದ ವಿಚಾರವನ್ನು ಹೇಳಬೇಕು. ಕೊಲ್ಲಾಪುರದಲ್ಲಿ ‘ಬೋರ್ಡಿಂಗ್’ ಎಂದರೆ ವಿದ್ಯಾರ್ಥಿಗಳು ವಾಸಿಸುವ ಮನೆ. ಮುಂಬಯಿಯ ಕನ್ನಡಿಗರ ಬಾಯಲ್ಲಿ ಅದು ಊಟದ ಹೋಟೆಲು. ಎ. ರಾಮ ನಾಯಕರು 1942ರಲ್ಲಿ ಮಾಟುಂಗಾದಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಈ ಎರಡನೆಯ ಅರ್ಥಕ್ಕೆ ಪ್ರಸಿದ್ಧ ನಿದರ್ಶನ. ದಕ್ಷಿಣ ಕನ್ನಡದಿಂದ ಬಂದ ಹುಡುಗನಿಗಾದರೋ ಈ ಎರಡು ಅರ್ಥಗಳೂ ಒಂದೇ ಸ್ಥಳದಲ್ಲಿ ಕೂಡಿಕೊಂಡಿದ್ದವು. ಹಗಲು ಲೋಟ ತೊಳೆದ ಹೋಟೆಲಿನಲ್ಲಿಯೇ ಅವನು ಉಣ್ಣುತ್ತಿದ್ದ. ಬಾಗಿಲು ಮುಚ್ಚಿದ ಮೇಲೆ ಮೇಜುಗಳನ್ನು ಜೋಡಿಸಿ ಅಲ್ಲಿಯೇ ಮಲಗುತ್ತಿದ್ದ. ಸಂಜೆ ಬಿಡುವು ಸಿಕ್ಕರೆ ಶಾಲೆಗೆ ಹೋಗುತ್ತಿದ್ದ.

ಆ ಶಾಲೆಗಳು ರಾತ್ರಿಶಾಲೆಗಳು. 1902ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯು 1908ರಲ್ಲಿಯೇ ಉಚಿತ ರಾತ್ರಿಶಾಲೆಯನ್ನು ಆರಂಭಿಸಿತು. ಇಂಥ ಶಾಲೆಗಳು ಮೊದಲು ನೆಲೆಗೊಂಡದ್ದು ನಗರದ ದಕ್ಷಿಣ ತುದಿಯ ಕೋಟೆ ಪ್ರದೇಶದಲ್ಲಿ. ಅಲ್ಲಿಂದ ದೂರದ ಕುರ್ಲಾ ಈ ಚರಿತ್ರೆಯೊಳಗೆ ಸೇರಿದ್ದು ರೈಲಿನ ಮೂಲಕ. 1886ರಲ್ಲಿ ಜಮಶೇಟ್‌ಜಿ ಟಾಟಾ ಅವರು ಅಲ್ಲಿದ್ದ ಧರಮ್‌ಸಿ ಗಿರಣಿಯನ್ನು ಕೊಂಡು ಸ್ವದೇಶಿ ಗಿರಣಿಯಾಗಿ ನಡೆಸಿದಂದಿನಿಂದ ಕುರ್ಲಾ ಕಾರ್ಮಿಕರ ಊರಾಗಿತ್ತು. 1925ರ ಫೆಬ್ರವರಿ 3ರಂದು ದೇಶದ ಮೊದಲ ವಿದ್ಯುತ್ ರೈಲು ವಿಕ್ಟೋರಿಯಾ ಟರ್ಮಿನಸ್‌ನಿಂದ ಬಂದರು ಮಾರ್ಗವಾಗಿ ಓಡಿ ಬಂದು ನಿಂತದ್ದು ಕುರ್ಲಾದಲ್ಲಿ. 1950ರಲ್ಲಿ ಈ ಉಪನಗರ ಬೃಹನ್ಮುಂಬಯಿ ನಗರಪಾಲಿಕೆಯ ವ್ಯಾಪ್ತಿಗೆ ಬಂದಿತು. ಕಾರ್ಮಿಕರಿದ್ದೆಡೆ ಚಹಾ, ಊಟದ ಹೋಟೆಲುಗಳು ಬೇಕು. ಹೋಟೆಲಿದ್ದೆಡೆ ಊರಿನಿಂದ ಹುಡುಗರು ಬರುತ್ತಾರೆ.

ಹೋಟೆಲಿನಲ್ಲಿ ಮಲಗದವರಿಗೆ ಚಾಳಿನ ಖೋಲಿಯಿತ್ತು. ಒಂದೇ ಊರಿನ, ಹಲವು ಸಲ ಒಂದೇ ಬಳಗದ ಗಂಡಸರು ಬಾಡಿಗೆ ಹಂಚಿಕೊಂಡು, ಸರದಿಯ ಮೇಲೆ ಮಲಗಿ ಅಲ್ಲಿ ಬಾಳುತ್ತಿದ್ದರು. ಗೋವೆಯ ಹಡಗುಕಾರ್ಮಿಕರು ಇದೇ ನಗರದಲ್ಲಿ ಊರಿಗೊಂದರಂತೆ ಕಟ್ಟಿಕೊಂಡ ‘ಕೂಡ್’ಗಳನ್ನು ಇದಕ್ಕೆ ಹೋಲಿಸಬಹುದು. ಆದರೆ ಗೋವೆಯ ಕೂಡ್‌ಗೆ ನಿಯಮಾವಳಿಯೂ ಪೂಜಾಪೀಠವೂ ಇದ್ದವು. ಕನ್ನಡಿಗರ ಖೋಲಿಗೆ ಹಿರಿಯನೊಬ್ಬನ ಮಾತೇ ನಿಯಮ. ಹೊಸಬನಿಗೆ ನೌಕರಿ ಹುಡುಕಿಕೊಡುವುದು, ಊರಿಗೆ ಮನಿಯಾರ್ಡರ್ ಬರೆದುಕೊಡುವುದು, ಪರೀಕ್ಷೆಯ ದಿನಗಳಲ್ಲಿ ದೀಪ ಆರಿಸದಿರುವುದು ಇವೆಲ್ಲ ಆ ಸಹವಾಸದ ಅಲಿಖಿತ ಕಟ್ಟಳೆಗಳು.

ಈ ಬದುಕನ್ನು ಹಾಡಿ ಹೊಗಳುವ ಪರಿಪಾಠ ಮುಂಬಯಿ ಕನ್ನಡಿಗರ ಸ್ಮರಣ ಸಂಚಿಕೆಗಳಲ್ಲಿ ಧಾರಾಳವಾಗಿದೆ. ಅದನ್ನು ಎಚ್ಚರದಿಂದ ಓದಬೇಕು. ನಿಲಯದ ಮೇಲ್ವಿಚಾರಕನಿಗೆ ವಿದ್ಯಾರ್ಥಿಯ ಓದೇ ಮುಖ್ಯ; ಹೋಟೆಲ್ ಧನಿಗೆ ಸಂಜೆಯ ವ್ಯಾಪಾರ ಮುಖ್ಯ. ತರಗತಿಯ ಹೊತ್ತೂ ಗಿರಾಕಿಗಳ ಹೊತ್ತೂ ಒಂದೇ ಆಗಿದ್ದುದರಿಂದ, ಧನಿಯು ಹುಡುಗನನ್ನು ಬಿಟ್ಟುಕೊಟ್ಟನೇ ಇಲ್ಲವೇ ಎಂಬುದರ ಮೇಲೆ ಅವನ ವಿದ್ಯೆಯ ಭವಿಷ್ಯವೆಲ್ಲ ನಿಂತಿತ್ತು. ಇದಲ್ಲದೆ, ಅಡುಗೆಮನೆಯ ಹೊಸ್ತಿಲನ್ನು ಯಾರು ದಾಟಬಹುದೆಂಬುದನ್ನು ಜಾತಿಯೇ ನಿರ್ಧರಿಸುತ್ತಿದ್ದ ಹೋಟೆಲುಗಳಿದ್ದವು. ವಾಸದ ನೆಲೆಯಲ್ಲಿ ನೋಡಿದರೆ ಖೋಲಿಯೂ ಹೋಟೆಲೂ ಕೊಲ್ಲಾಪುರದ ಮಾದರಿಗೇ ಹತ್ತಿರವಾಗಿದ್ದವು.

ಸಾತಾರೆಯ ಮಾದರಿಗೆ ಹತ್ತಿರವಾಗಿದ್ದದ್ದು ತರಗತಿ. ಸಂಸ್ಥೆಗಳು ಜಾತಿಯ ಹೆಸರನ್ನೇ ಹೊತ್ತಿದ್ದರೂ ಬೆಂಚುಗಳು ಹಾಗಿರಲಿಲ್ಲ. ಮೊಗವೀರ, ಬಂಟ, ಬಿಲ್ಲವ ಹುಡುಗರು ಒಂದೇ ಕನ್ನಡ ಪಾಠವನ್ನು ಓದುತ್ತಿದ್ದರು. ಅವರಲ್ಲಿ ಹಲವರ ಮನೆಮಾತು ತುಳು. ಊರಿನಲ್ಲಿ ಶಾಲೆಯ ಭಾಷೆಯಾಗಿದ್ದ ಕನ್ನಡ ಮುಂಬಯಿಯಲ್ಲಿ ಗೆಳೆತನದ ಭಾಷೆಯಾದದ್ದು ಈ ಬೆಂಚುಗಳ ಮೇಲೆ. ನಗರದ ಕನ್ನಡ ರಂಗಭೂಮಿಗೂ ಪತ್ರಿಕೆಗಳಿಗೂ ಅಗತ್ಯವಾದ ಓದುಗ, ಪ್ರೇಕ್ಷಕ ಬಳಗವನ್ನು ಸಿದ್ಧಪಡಿಸಿದ್ದರಲ್ಲಿ ರಾತ್ರಿಶಾಲೆಗಳ ಪಾಲು ಸಣ್ಣದಲ್ಲವೆಂದು ನನ್ನ ಅಭಿಪ್ರಾಯ.

1927ರಲ್ಲಿ ಸ್ಥಾಪನೆಯಾದ ಮುಂಬಯಿ ಬಂಟರ ಸಂಘವು ಮುಂದೆ ಕುರ್ಲಾದಲ್ಲಿ ತನ್ನ ಭವನವನ್ನೂ ಕಾಲೇಜನ್ನೂ ಕಟ್ಟಿತು. ಒಂದು ಕಾಲಕ್ಕೆ ಹೋಟೆಲಿನ ಹುಡುಗರು ರಾತ್ರಿಯ ತರಗತಿಗಾಗಿ ಪೇಟೆಯತ್ತ ಹೋಗುತ್ತಿದ್ದ ಪರಿಸರದಲ್ಲಿ ಈಗ ಹಗಲಿನ ಪದವಿ ತರಗತಿಗಳು ನಡೆಯುತ್ತವೆ. ಅಲ್ಲಿನ ಶಿಕ್ಷಣದ ಭಾಷೆ ಕನ್ನಡವಲ್ಲ.

ಈ ವಿಷಯವನ್ನು ಮುಂದುವರಿಸಲಿಚ್ಛಿಸುವ ಸಂಶೋಧಕರು ಆಕರಗಳ ಒಂದು ಮಿತಿಯನ್ನು ಗಮನಿಸಬೇಕು. ಮಹಾರಾಷ್ಟ್ರದ ಶಾಲೆ ಬಿಟ್ಟ ಪ್ರಮಾಣಪತ್ರದಲ್ಲಿ ಜಾತಿ, ಹುಟ್ಟಿದ ಊರು, ನಡತೆ, ಶಾಲೆ ಬಿಟ್ಟ ಕಾರಣ ಇವುಗಳಿಗೆ ಅಂಕಣಗಳಿವೆ. ವಿದ್ಯಾರ್ಥಿ ರಾತ್ರಿ ಎಲ್ಲಿ ಮಲಗುತ್ತಿದ್ದನೆಂಬುದಕ್ಕೆ ಅಂಕಣವಿಲ್ಲ. ಅದನ್ನು ಅರಿಯಲು ಇನ್ನೂ ಬದುಕಿರುವ ಹಳೆಯ ವಿದ್ಯಾರ್ಥಿಗಳನ್ನೇ ಕೇಳಬೇಕು. ಅವರಲ್ಲಿ ಬಹುತೇಕರು ಈಗ ಎಂಬತ್ತರ ಆಸುಪಾಸಿನವರು.